ಬಿಪಿ ರೋಗಿಯ ಎಕೋ: ಗೋಡೆಯ ದಪ್ಪ ಅಳೆಯುವ ಕ್ರಮ

ಅಧಿಕ ರಕ್ತದೊತ್ತಡವಿರುವವರಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡುವಾಗ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ, ದೇಹಕ್ಕೆ ರಕ್ತ ಹಿಂಡುವ ಕೋಣೆಯಾದ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿದೆಯೇ ಎಂಬುದು. ಇಸಿಜಿ ಸಹಜವಾಗಿದ್ದರೂ ಗೋಡೆ ದಪ್ಪಗಿರಬಹುದು. ಪ್ರೋಬ್ ಹಿಡಿಯುವ ಮೊದಲು ರೋಗಿಯ ಎತ್ತರ, ತೂಕ ಮತ್ತು ಆ ಹೊತ್ತಿನ ಬಿಪಿಯನ್ನು ಬರೆದುಕೊಳ್ಳಿ.

ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್ ನೋಟ (ಎದೆಮೂಳೆಯ ಪಕ್ಕದಿಂದ ಹೃದಯವನ್ನು ಉದ್ದಕ್ಕೆ ತೋರಿಸುವ ಚಿತ್ರ) ಪಡೆಯಿರಿ. ಮೈಟ್ರಲ್ ಕವಾಟದ (ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿಗಳ ನಡುವಿನ ಕವಾಟ) ತುದಿಗಳ ಮಟ್ಟದಲ್ಲಿ, ಡಯಾಸ್ಟೋಲ್‌ನ (ಹೃದಯ ಸಡಿಲಗೊಂಡು ತುಂಬುವ ಹಂತ) ಕೊನೆಯಲ್ಲಿ, ಹೃತ್ಕುಕ್ಷಿಯ ಉದ್ದಕ್ಕೆ ಲಂಬವಾಗಿ ನಡುಗೋಡೆ, ಒಳವ್ಯಾಸ ಮತ್ತು ಹಿಂಗೋಡೆಗಳನ್ನು ಅಳೆಯಬೇಕು. ಬಲ ಹೃತ್ಕುಕ್ಷಿಯ ಸ್ನಾಯುಪಟ್ಟಿ ನಡುಗೋಡೆಯ ಲೆಕ್ಕಕ್ಕೂ, ಕವಾಟದ ತಂತುಗಳು ಹಿಂಗೋಡೆಯ ಲೆಕ್ಕಕ್ಕೂ ಸೇರದಂತೆ ನೋಡಿಕೊಳ್ಳಿ.

ಈ ಮೂರು ಅಳತೆಗಳನ್ನು ಸೆಂಟಿಮೀಟರಿನಲ್ಲಿ ಕೂಡಿಸಿ ಘನ ಮಾಡಿ, ಅದರಿಂದ ಒಳವ್ಯಾಸದ ಘನವನ್ನು ಕಳೆದು, 0.832ರಿಂದ ಗುಣಿಸಿ 0.6 ಸೇರಿಸಿದರೆ ಸ್ನಾಯುವಿನ ತೂಕ ಗ್ರಾಂಗಳಲ್ಲಿ ಬರುತ್ತದೆ. ಅದನ್ನು ದೇಹದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದಾಗ ಚದರ ಮೀಟರಿಗೆ ಗಂಡಸರಲ್ಲಿ 115 ಗ್ರಾಂ, ಹೆಂಗಸರಲ್ಲಿ 95 ಗ್ರಾಂ ಮೀರಿದರೆ ಹೈಪರ್‌ಟ್ರೋಫಿ, ಅಂದರೆ ಹೃದಯದ ಸ್ನಾಯು ಅತಿಯಾಗಿ ಬೆಳೆದಿದೆ, ಎನ್ನುತ್ತೇವೆ. ಒಳವ್ಯಾಸ 4.6, ಎರಡೂ ಗೋಡೆಗಳು 1.2 ಸೆಂ.ಮೀ., ಮೇಲ್ಮೈ 1.6 ಚದರ ಮೀಟರ್ ಇರುವ ಗಂಡಸಿನಲ್ಲಿ ಇದು ಸುಮಾರು 128 ಆಗುತ್ತದೆ. ಗೋಡೆಗಳನ್ನು ತಲಾ 1 ಮಿ.ಮೀ. ಕಡಿಮೆ ಅಳೆದರೆ ಅದೇ ವ್ಯಕ್ತಿಗೆ ಸುಮಾರು 113 ಬಂದು, ಹೈಪರ್‌ಟ್ರೋಫಿ ಇಲ್ಲವೆಂಬ ವರದಿ ಹೋಗುತ್ತದೆ. ತಪ್ಪು ಘನವಾಗಿ ಬೆಳೆಯುವ ಈ ಜಾಗದಲ್ಲಿ ಆತುರ ಖಂಡಿತ ಸಲ್ಲದು. ಚಿತ್ರ ಓರೆಯಾಗಿದ್ದರೆ ಮತ್ತೊಂದು ನೋಟ ತೆಗೆದೇ ಅಳೆಯಿರಿ.

ಹಿಂಗೋಡೆಯ ದಪ್ಪದ ಎರಡರಷ್ಟನ್ನು ಒಳವ್ಯಾಸದಿಂದ ಭಾಗಿಸಿದಾಗ 0.42ಕ್ಕಿಂತ ಹೆಚ್ಚು ಬಂದರೆ ಬದಲಾವಣೆ ಕಾನ್ಸೆಂಟ್ರಿಕ್ ಮಾದರಿಯದು, ಅಂದರೆ ಒಳವ್ಯಾಸಕ್ಕೆ ಹೋಲಿಸಿದರೆ ಗೋಡೆ ದಪ್ಪವಾಗಿದೆ. ಸ್ನಾಯುವಿನ ತೂಕ ಮಿತಿಯೊಳಗಿದ್ದರೂ ಈ ಅನುಪಾತವನ್ನು ವರದಿಯಲ್ಲಿ ಕಾಣಿಸಬೇಕು.

ಎಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತದಲ್ಲಿ ಹೃತ್ಕುಕ್ಷಿ ಹೊರಹಾಕುವ ರಕ್ತದ ಪಾಲು) ಚೆನ್ನಾಗಿದೆ ಎಂದು ಅಲ್ಲಿಗೇ ನಿಲ್ಲಿಸಬೇಡಿ. ಬಿಗಿಯಾದ ಹೃತ್ಕುಕ್ಷಿ ಚೆನ್ನಾಗಿ ಹಿಂಡಿದರೂ ಸಡಿಲಗೊಳ್ಳಲು ಕಷ್ಟಪಡುತ್ತದೆ. ಎಡ ಹೃತ್ಕರ್ಣದ ಗಾತ್ರ ಚದರ ಮೀಟರಿಗೆ 34 ಮಿ.ಲೀ. ಮೀರಿರುವುದು, ಇ (ಮೈಟ್ರಲ್ ಕವಾಟದ ಮೂಲಕ ಮೊದಲು ಒಳನುಗ್ಗುವ ರಕ್ತದ ವೇಗ) ಮತ್ತು ಇ-ಪ್ರೈಮ್ (ಆಗ ಕವಾಟದ ಬುಡ ಚಲಿಸುವ ವೇಗ) ಅನುಪಾತದ ಸರಾಸರಿ 14 ದಾಟಿರುವುದು ಒಳಗಿನ ಒತ್ತಡ ಏರಿರುವುದರ ಸೂಚನೆಗಳು. ಒಂದನ್ನೇ ನಂಬದೆ ಎರಡನ್ನೂ ಕೂಡಿಸಿ ಓದಿ.

ಎಳೆ ವಯಸ್ಸಿನವರಲ್ಲಿ ಸುಪ್ರಾಸ್ಟರ್ನಲ್ ನೋಟವನ್ನು (ಎದೆಮೂಳೆಯ ಮೇಲಿನ ಕುಳಿಯಿಂದ ಪಡೆಯುವ ಚಿತ್ರ) ಬಿಡಬಾರದು, ಏಕೆಂದರೆ ಮಹಾಪಧಮನಿ ಕಿರಿದಾಗಿರುವುದೇ ಬಿಪಿಗೆ ಕಾರಣವಾಗಿರಬಹುದು. ಚಿಕಿತ್ಸೆಯ ನಂತರ ಮತ್ತೆ ಎಕೋ ಮಾಡಿದಾಗ ಹಳೆಯ ಚಿತ್ರಗಳನ್ನೇ ತೆರೆದು ಹೋಲಿಸಿ; 1 ಮಿ.ಮೀ. ಇಳಿಕೆಯನ್ನು ಕಂಡ ಕೂಡಲೇ ಔಷಧಿಯ ಫಲವೆಂದು ಬರೆಯಬೇಡಿ.