ಸೆಕೆ ಜಾಸ್ತಿಯಾದಾಗ ಫ್ಯಾನ್ ಒಂದನ್ನೇ ನಂಬಬೇಡಿ

ಕೋಣೆಯೊಳಗೆ ಬಿಸಿ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಸಾಲದು. ಅದು ಬಿಸಿ ಗಾಳಿಯನ್ನೇ ಮೈಗೆ ತಳ್ಳುತ್ತದೆ, ಮೈ ಇನ್ನಷ್ಟು ಕಾಯುತ್ತದೆ. ಅಂಥ ಹೊತ್ತಲ್ಲಿ ಮುಖ, ಕುತ್ತಿಗೆ, ಕೈಗಳಿಗೆ ಆಗಾಗ ನೀರು ಸವರಿಕೊಳ್ಳಿ ಅಥವಾ ಒದ್ದೆ ಬಟ್ಟೆ ಹೊದ್ದುಕೊಳ್ಳಿ, ನೀರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲು ಬೀಳುವ ಕಿಟಕಿಗೆ ಹಗಲು ಪರದೆ ಎಳೆಯಿರಿ, ಹೊರಗೆ ತಂಪಾದ ಮೇಲೆ ತೆರೆಯಿರಿ.

ವಯಸ್ಸಾದವರ ಮೇಲೆ ದಯವಿಟ್ಟು ಒಂದು ಕಣ್ಣಿಡಿ. ಅವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಕೇಳಲಿ ಅಂತ ಕಾಯದೆ ನೀವೇ ನೀರು ಕೊಡುತ್ತಿರಿ (ಹೃದಯ, ಕಿಡ್ನಿ ತೊಂದರೆಯಿಂದ ನೀರು ಕಡಿಮೆ ಕುಡಿಯಲು ಹೇಳಿದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ). ನಿಲ್ಲಿಸಿದ ಕಾರಿನಲ್ಲಿ ಮಕ್ಕಳನ್ನು ಐದು ನಿಮಿಷಕ್ಕೂ ಬಿಡಬೇಡಿ, ಕಿಟಕಿ ಸ್ವಲ್ಪ ತೆರೆದಿದ್ದರೂ ಅಷ್ಟೇ.

ಸೆಕೆಯಲ್ಲಿ ಯಾರಾದರೂ ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಸುಸ್ತು ಅಂತ ಸುಮ್ನೆ ಮಲಗಿಸಬೇಡಿ. ಅದು ಹೀಟ್ ಸ್ಟ್ರೋಕ್ ಇರಬಹುದು, ಜೀವಕ್ಕೇ ಅಪಾಯ. ಕೂಡಲೇ ಆಂಬುಲೆನ್ಸ್ ಕರೆಯಿರಿ, ನೆರಳಿಗೆ ಕರೆತಂದು ದಪ್ಪ ಬಟ್ಟೆ ತೆಗೆದು ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ, ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಲೇಬೇಡಿ, ಉಸಿರುಗಟ್ಟುತ್ತದೆ.