ನೆರೆ ಇಳಿದ ಹಳ್ಳದಲ್ಲಿ ಚಿನ್ನದ ಕಣ ಹುಡುಕುವವರಿಗೆ

ಗದಗ ಜಿಲ್ಲೆಯ ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಜಲಗಾರರು ಹಿಂದೆ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಹವ್ಯಾಸಕ್ಕಾಗಿ ಅದನ್ನೇ ಮಾಡಬಯಸುವವರು ಮೊದಲು ಗಮನಿಸಬೇಕಾದದ್ದು, ಅಲ್ಲಿನ ಗುಡ್ಡಸಾಲಾದ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವಾಗಿದೆ ಎಂಬುದು. ಧಾಮದೊಳಗೆ ಇದನ್ನು ಮಾಡಲೇಬಾರದು. ಹೊರಗಿನ ಹಳ್ಳವಾದರೂ ಹೊಲದ ಮಾಲೀಕರನ್ನೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನೂ ಕೇಳಿಯೇ ಮುಂದುವರಿಯಬೇಕು.

ಶುದ್ಧ ಚಿನ್ನವು ನೀರಿಗಿಂತ ಸುಮಾರು 19 ಪಟ್ಟು ಭಾರವಾಗಿದ್ದು, ಮರಳು ಮೂರು ಪಟ್ಟೂ ಇರುವುದಿಲ್ಲವಾದ್ದರಿಂದ, ನೆರೆಯ ರಭಸ ಕುಗ್ಗಿದಲ್ಲೆಲ್ಲ ಚಿನ್ನವೇ ಮೊದಲು ತಳ ಸೇರುತ್ತದೆ. ಆದ್ದರಿಂದ ತಿರುವಿನ ಒಳದಂಡೆ, ದೊಡ್ಡ ಬಂಡೆಯ ಕೆಳಮಗ್ಗುಲು ಮತ್ತು ತಳಬಂಡೆಯ ಬಿರುಕುಗಳಲ್ಲಿ ಹುಡುಕಬೇಕು. ಹೊಸ ಮರಳಿನ ಮೇಲ್ಪದರವನ್ನು ಕೆದಕುವುದು ನನ್ನ ಮಟ್ಟಿಗೆ ವ್ಯರ್ಥ ಶ್ರಮ.

ಅಗಲ ಬಾಯಿಯ ಬೋಗುಣಿಯಲ್ಲಿ ಮುಕ್ಕಾಲು ಭಾಗ ಮಣ್ಣು ತುಂಬಿ, ನೀರಿನೊಳಗೆ ಮುಳುಗಿಸಿ, ಜೇಡಿ ಮಣ್ಣು ಪೂರ್ತಿ ಕರಗುವವರೆಗೆ ಕೈಯಿಂದ ಹಿಸುಕಬೇಕು, ಏಕೆಂದರೆ ಒಡೆಯದ ಹೆಂಟೆಯೊಂದಿಗೆ ಕಣವೂ ಹೊರಬೀಳುತ್ತದೆ. ಅನಂತರ ಚೆನ್ನಾಗಿ ಕುಲುಕಿ, ಸ್ವಲ್ಪ ಓರೆ ಮಾಡಿ, ಹಗುರ ಮರಳನ್ನು ನೀರಿನೊಡನೆ ಹರಿಯಬಿಡಬೇಕು. ಕೊನೆಗೆ ಉಳಿಯುವ ಕರಿಮರಳನ್ನು ಒಣಗಿಸಿ, ಕಾಗದದಲ್ಲಿ ಸುತ್ತಿದ ಅಯಸ್ಕಾಂತದಿಂದ ಬೇರ್ಪಡಿಸಿ, ಅದಕ್ಕೆ ಅಂಟದೆ ಉಳಿದದ್ದನ್ನು ನೋಡಿರಿ. ಸೂಜಿ ಒತ್ತಿದರೆ ಪುಡಿಯಾಗುವುದು ಚಿನ್ನವಲ್ಲ. ಚಿನ್ನದಲ್ಲಿ ತಗ್ಗು ಬೀಳುತ್ತದೆ, ಅದು ಒಡೆಯುವುದಿಲ್ಲ.

ಚಿನ್ನದ ಕಣಗಳನ್ನು ಒಟ್ಟುಗೂಡಿಸಲು ವಿಷಕಾರಿ ಪಾದರಸವನ್ನು ದಯವಿಟ್ಟು ಬಳಸಬೇಡಿರಿ, ದನಕರುಗಳು ಕುಡಿಯುವ ನೀರು ಅದೇ ಹಳ್ಳದ್ದು. ನೆರೆ ಕೊರೆದ ದಂಡೆ ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಾಗಿರುವುದರಿಂದ ಅದರ ಕೆಳಗೆ ಕೂರಬಾರದು, ಮೇಲೆ ಗುಡ್ಡದಲ್ಲಿ ಮೋಡ ಕವಿದ ದಿನ ಹಳ್ಳಕ್ಕೆ ಇಳಿಯಲೂಬಾರದು.