ಪಾಠ ಮುಗಿದ ಮೇಲೆ ಬರೆಯುವ ಪುಸ್ತಕ

ಪ್ರೌಢಶಾಲೆಯ ವಿಜ್ಞಾನ ಮೇಷ್ಟರಿಗೆ ಬರೆಯುವ ಕೆಲಸಕ್ಕೇನೂ ಬರವಿಲ್ಲ. ವಾರ್ಷಿಕ ಯೋಜನೆ, ಪಾಠ ಯೋಜನೆ, ಅಂಕಪಟ್ಟಿ, ಮೇಲಿನಿಂದ ಬರುವ ನಮೂನೆಗಳು. ಇಷ್ಟರ ನಡುವೆ ಇನ್ನೊಂದು ಪುಸ್ತಕವನ್ನು ನಾನಾಗಿಯೇ ಯಾಕೆ ಅಂಟಿಸಿಕೊಂಡೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆ ಬರಹಗಳೆಲ್ಲ ಇನ್ನೊಬ್ಬರ ಸಹಿಗಾಗಿ ಬರೆದವು. ತರಗತಿಯಲ್ಲಿ ನಿಜವಾಗಿ ಏನಾಯಿತು ಎಂಬುದಕ್ಕೆ ಅಲ್ಲಿ ಸಿಗುವ ಜಾಗ ಒಂದು ಗೆರೆ; ಆ ಗೆರೆಯಲ್ಲಿ ‘ಉದ್ದೇಶ ಈಡೇರಿದೆ’ ಎಂದಲ್ಲದೆ ಬೇರೆ ಬರೆದವರನ್ನು ನಾನಂತೂ ಕಂಡಿಲ್ಲ.

ನನ್ನದು ದಿನಚರಿಯಲ್ಲ. ಮನಸ್ಸಿನ ಏರಿಳಿತಕ್ಕೆ ಅಲ್ಲಿ ಜಾಗವಿಲ್ಲ. ಬಲಪುಟದಲ್ಲಿ ಮಕ್ಕಳು ಆಡಿದ ಮಾತು, ಆದಷ್ಟೂ ಅವರದೇ ಪದಗಳಲ್ಲಿ. ಎಡಪುಟ ಖಾಲಿ, ಮುಂದೆ ಹೊಳೆದದ್ದಕ್ಕೆ. ಪ್ರತಿ ಟಿಪ್ಪಣಿಗೂ ಒಂದು ಸಂಖ್ಯೆ. ಇದು ಮೈಕೆಲ್ ಫ್ಯಾರಡೆಯಿಂದ ಕಲಿತ ಪದ್ಧತಿ. ಆತ 1832ರಿಂದ ತನ್ನ ಪ್ರಯೋಗದ ಟಿಪ್ಪಣಿಗಳಿಗೆ ಸಂಖ್ಯೆ ಕೊಡುತ್ತ ಹೋಗಿ 16041ರವರೆಗೆ ಮುಟ್ಟಿಸಿದ. ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಬರಿಗೈಯಾದದ್ದನ್ನೂ ಬಿಡದೆ ದಾಖಲಿಸಿದ. ಸಂಖ್ಯೆಯಿದ್ದರೆ ಹಿಂದಿನ ಟಿಪ್ಪಣಿಯನ್ನು ಹೊಸದಕ್ಕೆ ಕೊಂಡಿ ಹಾಕಲು ಸುಲಭ. ತಾರೀಖಿನಿಂದ ಆ ಕೆಲಸ ಆಗುವುದಿಲ್ಲ.

ಇದರ ಉಪಯೋಗ ನನಗೆ ಹೆಚ್ಚು ಸಿಕ್ಕಿದ್ದು ಹತ್ತನೆಯ ತರಗತಿಯ ವಿದ್ಯುಚ್ಛಕ್ತಿಯ ಪಾಠದಲ್ಲಿ. ಎರಡು ಶುಷ್ಕಕೋಶ, ಒಂದು ಟಾರ್ಚ್ ಬಲ್ಬು, ಬಲ್ಬಿನ ಎರಡೂ ಬದಿಯಲ್ಲಿ ವಿದ್ಯುತ್ ಪ್ರವಾಹ ಅಳೆಯುವ ಒಂದೊಂದು ಅಮ್ಮೀಟರ್. ಸ್ವಿಚ್ ಹಾಕುವ ಮೊದಲು, ಯಾವುದು ಹೆಚ್ಚು ತೋರಿಸುತ್ತದೆ ಎಂದು ಚೀಟಿಯಲ್ಲಿ ಬರೆಸುತ್ತೇನೆ. ವರ್ಷ ಬದಲಾದರೂ ಉತ್ತರ ಬದಲಾಗುವುದಿಲ್ಲ: ‘ಬಲ್ಬು ಸ್ವಲ್ಪ ತಿಂದುಕೊಳ್ಳುತ್ತದೆ, ಆಚೆ ಕಡೆ ಕಡಿಮೆ.’ ಸ್ವಿಚ್ ಹಾಕಿದರೆ ಎರಡೂ ಮುಳ್ಳು ಒಂದೇ ಗೆರೆಗೆ ಬಂದು ನಿಲ್ಲುತ್ತವೆ. ಆಗ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ: “ಹೋದದ್ದೆಲ್ಲ ವಾಪಸ್ ಬಂದರೆ ಬಿಲ್ ಕಟ್ಟುವುದು ಯಾವುದಕ್ಕೆ ಸರ್?” ಪಕ್ಕದವಳ ಮಾತು ಅದರ ಕೆಳಗೇ ಇದೆ: “ನಮ್ಮ ಮನೆಗೆ ಸೊನ್ನೆ ಬಿಲ್ ಬರುತ್ತದೆ ಸರ್.” ಗೃಹಜ್ಯೋತಿ ಬಂದ ಮೇಲಿನ ಮಕ್ಕಳು!

ಈ ಎರಡು ಮಾತು ಸೇರಿ ಮುಂದಿನ ವರ್ಷದ ಪಾಠವನ್ನೇ ತಿರುಗಿಸಿಬಿಟ್ಟವು. ಈಗ ವಿದ್ಯುತ್ ಮಂಡಲದ ಚಿತ್ರಕ್ಕಿಂತ ಮೊದಲು ಮನೆಯ ಬಿಲ್ ತರಲು ಹೇಳುತ್ತೇನೆ. ಸೊನ್ನೆ ಬಿಲ್ಲಿನಲ್ಲೂ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಇರುತ್ತದೆ. ದುಡ್ಡು ಸರ್ಕಾರ ಕಟ್ಟಿದರೂ ಮೀಟರ್ ಓಡಿದೆ. ಓಡಿಸಿದ್ದು ಏನು? 100 ವ್ಯಾಟಿನ ಬಲ್ಬು 10 ಗಂಟೆ ಉರಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್. ಬಿಲ್ ಇರುವುದು ಆ ಶಕ್ತಿಗೆ. ತಂತಿಯಲ್ಲಿ ಹರಿಯುವ ವಿದ್ಯುದಾವೇಶ ಸೈಕಲ್ ಚೈನಿನಂತೆ ಸುತ್ತಿ ಬರುತ್ತದೆ. ಚೈನು ಸವೆದು ಗಾಡಿ ಓಡುವುದಿಲ್ಲ, ಪೆಡಲಿನ ಶ್ರಮ ಚಕ್ರಕ್ಕೆ ತಲುಪಿ ಓಡುತ್ತದೆ. ಎಲೆಕ್ಟ್ರಾನು ತಂತಿಯಲ್ಲಿ ಬಸವನ ಹುಳುವಿಗಿಂತ ಚುರುಕೇನಲ್ಲ, ಆದರೂ ದೀಪ ತಟ್ಟನೆ ಹತ್ತುವುದು ಹೇಗೆ ಎಂಬುದಕ್ಕೂ ಚೈನೇ ಉತ್ತರ ಕೊಡುತ್ತದೆ: ಪೆಡಲ್ ಒತ್ತಿದ ಕ್ಷಣ ಇಡೀ ಚೈನು ಒಟ್ಟಿಗೆ ಕದಲುತ್ತದೆ.

ಬರೆಯುವುದಕ್ಕೆ ಹೊತ್ತು ಬೇಕಿಲ್ಲ, ಮುಂದಿನ ಪೀರಿಯಡ್ಡಿನ ಗಂಟೆಯೊಳಗೆ ನಾಲ್ಕು ಸಾಲು ಸಾಕು. ಸಂಜೆ ಬರೆದರೆ ಮಕ್ಕಳ ಮಾತು ಹೋಗಿ ನನ್ನ ಮಾತು ಉಳಿದಿರುತ್ತದೆ. ಓದುವುದಕ್ಕೆ ಮಾತ್ರ ಬಿಡುವು ಬೇಕು, ಅದು ದಸರಾ ರಜೆಯ ಕೆಲಸ. ತನ್ನ ವಾದಕ್ಕೆ ವಿರುದ್ಧವಾದ ಸಂಗತಿ ಕಂಡರೆ ಕೂಡಲೇ ಬರೆದಿಡುತ್ತಿದ್ದೆ, ಅಂಥವೇ ಬೇಗ ಮರೆತುಹೋಗುವುದು ಎಂದು ಡಾರ್ವಿನ್ ಹೇಳಿಕೊಂಡಿದ್ದಾನೆ. ನನ್ನ ಮಟ್ಟಿಗೂ ಅದು ನಿಜ. ಪಾಠ ಸರಾಗವಾಗಿ ಹೋದ ದಿನದ ಟಿಪ್ಪಣಿಗಳಿಂದ ಹೊಸದೇನೂ ಸಿಗುವುದಿಲ್ಲ.

ಕಳೆದ ವರ್ಷ ಚೈನಿನ ಹೋಲಿಕೆಗೂ ಒಬ್ಬ ಎದುರಾಳಿ ಹುಟ್ಟಿದ. “ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗುತ್ತದೆ ಎಂದಿರಲ್ಲ ಸರ್, ಚೈನು ಹಾಗೆ ಆಡಿದರೆ ಸೈಕಲ್ ಮುಂದೆ ಹೋಗುತ್ತದೆಯೇ?” ತಂತಿ ಬಿಸಿಯಾಗಲು ಪ್ರವಾಹ ಯಾವ ದಿಕ್ಕಿಗೆ ಹರಿದರೂ ಆದೀತು ಎಂದೆ. ಅವನು ತಲೆಯಾಡಿಸಿದ, ಒಪ್ಪಿದ್ದು ಮುಖದಲ್ಲಿ ಕಾಣಲಿಲ್ಲ. ಚೈನನ್ನು ಶುಷ್ಕಕೋಶದ ಮಂಡಲಕ್ಕೇ ನಿಲ್ಲಿಸಿ, ಮನೆಯ ವಿದ್ಯುತ್ತನ್ನು ಇಸ್ತ್ರಿಪೆಟ್ಟಿಗೆಯಿಂದ ಶುರು ಮಾಡಬೇಕು ಎಂದು ಎಡಪುಟದಲ್ಲಿ ಬರೆದಿದ್ದೇನೆ.